ಒಂದು ವಿಮಾನಕ್ಕೆ ಎರಡು ರಿಸೀವರ್: ಬೇಕಾ, ಸುಮ್ನೆ ಭಾರವಾ?

ಬಾಲ್ಸಾಧೂಳು: 2.6 ಮೀಟರ್ ರೆಕ್ಕೆ, 50 ಸಿಸಿ ಪೆಟ್ರೋಲ್ ಎಂಜಿನ್ ಇರುವ ರೇಡಿಯೋ ಕಂಟ್ರೋಲ್ ಮಾಡೆಲ್ ವಿಮಾನ ಕಟ್ಟುತ್ತಿದ್ದೇನೆ. ಕೈಯಲ್ಲಿನ ಟ್ರಾನ್ಸ್‌ಮಿಟರ್‌ನ ಸಿಗ್ನಲ್ ಹಿಡಿಯುವ ರಿಸೀವರ್ ಎರಡು ಹಾಕುವ ಯೋಚನೆ. ಎಡಗಡೆಯ ಏಲಿರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯ ಪಟ್ಟಿ) ಮತ್ತು ಎಲಿವೇಟರಿನ (ಮೂತಿ ಏರಿಸಿ ಇಳಿಸುವ ಬಾಲದ ಪಟ್ಟಿ) ಎಡ ಅರ್ಧ ಒಂದಕ್ಕೆ, ಬಲಗಡೆಯದು ಇನ್ನೊಂದಕ್ಕೆ. ಒಂದು ಸತ್ತರೂ ಇನ್ನೊಂದರಲ್ಲಿ ಇಳಿಸಬಹುದು, ಅಲ್ವಾ?

ಹಳೇರೆಕ್ಕೆ: ಇಳಿಸಬಹುದು, ಫೇಲ್‌ಸೇಫ್ (ಸಿಗ್ನಲ್ ಹೋದಾಗ ರಿಸೀವರ್ ಏನು ಮಾಡಬೇಕು ಅನ್ನುವ ಸೆಟ್ಟಿಂಗ್) ಸರಿಯಾಗಿ ಇಟ್ಟಿದ್ದರೆ. ಲೂಪ್ ಹೊಡೆಯುವಾಗ ಸಿಗ್ನಲ್ ಹೋಯ್ತು ಅಂದ್ಕೊಳ್ಳಿ. 'ಹೋಲ್ಡ್'ನಲ್ಲಿ, ಅಂದರೆ ಕೊನೆಯ ಸ್ಥಾನದಲ್ಲೇ ನಿಲ್ಲುವಂತೆ ಇಟ್ಟಿದ್ದರೆ ಎಲಿವೇಟರಿನ ಆ ಅರ್ಧ ಮೇಲೆದ್ದೇ ನಿಲ್ಲುತ್ತದೆ. ಉಳಿದರ್ಧ ಅದರ ಜೊತೆ ಕುಸ್ತಿ ಆಡಬೇಕು. ಎರಡೂ ಕಡೆ ನ್ಯೂಟ್ರಲ್ (ನಡುವಿನ ಸ್ಥಾನ) ಇಡಿ. ಥ್ರಾಟಲ್ ಒಂದರಲ್ಲಿ, ಇಗ್ನಿಷನ್ ಕಿಲ್ (ಎಂಜಿನ್ನಿನ ಕಿಡಿ ನಿಲ್ಲಿಸುವ ಸ್ವಿಚ್) ಇನ್ನೊಂದರಲ್ಲಿ ಇರಲಿ. ಎಂಜಿನ್ ನಿಲ್ಲಿಸುವ ದಾರಿಯಾದರೂ ಎರಡಿರುತ್ತದೆ.

ಸರ್ವೋಸಂಕಟ: ಬ್ಯಾಟರಿ ಎಷ್ಟು?

ಬಾಲ್ಸಾಧೂಳು: ಒಂದೇ. ದೊಡ್ಡದು ಹಾಕಿದ್ದೇನೆ.

ಸರ್ವೋಸಂಕಟ: ಹಾಗಾದರೆ ಎರಡನೇ ರಿಸೀವರ್ ಬರೀ ಸಮಾಧಾನಕ್ಕೆ. ನನ್ನದೂ ಹೀಗೇ ಇತ್ತು. ಎರಡು ರಿಸೀವರ್, ಒಂದು ಬ್ಯಾಟರಿ, ಒಂದು ಸ್ವಿಚ್. ಎಂಜಿನ್ ನಡುಕಕ್ಕೆ ಸ್ವಿಚ್ ಒಳಗಿನ ಬೆಸುಗೆ ಬಿಟ್ಟಿತ್ತು. ಎರಡೂ ಒಟ್ಟಿಗೆ ಆರಿದವು. ಹೊಲದಲ್ಲಿ ಚೂರು ಹೆಕ್ಕುವಾಗಲೂ ರೇಡಿಯೋನೇ ಕೈಕೊಟ್ಟಿತು ಅಂತ ಬೈಯುತ್ತಿದ್ದೆ. ಸ್ವಿಚ್ ಬಿಚ್ಚಿದ ಮೇಲೇ ಗೊತ್ತಾಗಿದ್ದು.

ಜೋರಾಗಿ ತಿರುಗಿಸುವಾಗ ಡಿಜಿಟಲ್ ಸರ್ವೋಗಳೆಲ್ಲ (ಆ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟರ್‌ಗಳು) ಒಟ್ಟಿಗೆ ಕರೆಂಟ್ ಎಳೆದರೂ ಇದೇ ಕಥೆ. ವೋಲ್ಟೇಜ್ ಕುಸಿದರೆ ರಿಸೀವರ್ ರೀಬೂಟ್ ಆಗುತ್ತದೆ. ಒಂದೇ ಲೈನ್‌ನಲ್ಲಿದ್ದರೆ ಎರಡೂ ಆಗುತ್ತವೆ.

ಮೂರನೇಚಾನೆಲ್: ರೆಕ್ಕೆ ಭಾಗ ಮಾಡುವ ತಲೆನೋವು ಯಾಕೆ? ಎಸ್‌ಬಸ್ (ಎಲ್ಲ ಚಾನೆಲ್ ಡೇಟಾ ಒಂದೇ ವೈರಿನಲ್ಲಿ ಕಳಿಸುವ ವಿಧಾನ) ಇನ್ ಇರುವ ರಿಸೀವರ್ ತಗೊಂಡು, ಎರಡನೇ ರಿಸೀವರನ್ನು ಅದಕ್ಕೆ ಜೋಡಿಸಿ. ಎಸ್‌ಬಸ್ ಕಳಿಸುವ ಪ್ರತಿ ಡೇಟಾ ಕಂತಿನಲ್ಲಿ, ಅಂದರೆ ಫ್ರೇಮಿನಲ್ಲಿ 16 ಚಾನೆಲ್ ಜೊತೆಗೆ 'ನಾನು ಫೇಲ್‌ಸೇಫ್‌ನಲ್ಲಿದ್ದೇನೆ' ಅನ್ನುವ ಬಿಟ್ ಕೂಡ ಇರುತ್ತದೆ. ಮುಖ್ಯ ರಿಸೀವರ್‌ಗೆ ಸಿಗ್ನಲ್ ತಪ್ಪಿದರೆ ಎರಡನೆಯದರ ಡೇಟಾ ತಗೊಂಡು ಎಲ್ಲ ಸರ್ವೋ ನಡೆಸುತ್ತದೆ.

ಸರ್ವೋಸಂಕಟ: ಸಿಗ್ನಲ್ ತಪ್ಪಿದರೆ ಸರಿ. ಮುಖ್ಯ ರಿಸೀವರ್ರೇ ಸುಟ್ಟರೆ? ಸರ್ವೋ ಎಲ್ಲ ಅದಕ್ಕೇ ಚುಚ್ಚಿದ್ದೀರಲ್ಲ.

ಮೂರನೇಚಾನೆಲ್: ಒಪ್ಪಿದೆ. ಆದರೆ ಸುಡುವುದಕ್ಕಿಂತ ಸಿಗ್ನಲ್ ತಪ್ಪುವುದೇ ಜಾಸ್ತಿ.

ಹಳೇರೆಕ್ಕೆ: ಅದಕ್ಕೆ ಮದ್ದು ಆಂಟೆನಾ ಜಾಗ. 2.4 ಗಿಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್. ಆಂಟೆನಾ ತುದಿಯಲ್ಲಿ ಸುಲಿದು ಬಿಟ್ಟ ಸುಮಾರು 31 ಮಿಲಿಮೀಟರ್ ಇದೆಯಲ್ಲ, ಅದು ಅದರ ಕಾಲುಭಾಗ. ಕೆಲಸ ಮಾಡುವುದು ಅಷ್ಟೇ. ನನ್ನ ಒಂದು ಗ್ಲೈಡರ್ ಎಡಕ್ಕೆ ತಿರುಗಿದಾಗಲೆಲ್ಲ ಫ್ರೇಮ್ ಲಾಸ್ (ತಪ್ಪಿಹೋದ ಡೇಟಾ ಕಂತುಗಳ ಲೆಕ್ಕ) ಏರುತ್ತಿತ್ತು. ನೋಡಿದರೆ ಆ ತುದಿ ಸಿಗ್ನಲ್ ತಡೆಯುವ ಕಾರ್ಬನ್ ಕೊಳವೆಗೆ ಟೇಪಿನಿಂದ ಅಂಟಿತ್ತು. ಕಿತ್ತು, ರಿಸೀವರಿನ ಎರಡು ಆಂಟೆನಾ ತುದಿಗಳನ್ನು ಒಂದಕ್ಕೊಂದು 90 ಡಿಗ್ರಿಗೆ ಇಟ್ಟೆ. ಮುಗೀತು. ಎರಡನೇ ರಿಸೀವರನ್ನೂ ಅದೇ ಕೊಳವೆ ಪಕ್ಕ ಕೂರಿಸಿದ್ದರೆ ಅದೂ ಕಿವುಡೇ.

ಮೂರನೇಚಾನೆಲ್: ಇನ್ನೊಂದು, ಎರಡನ್ನೂ ಒಂದೇ ಟ್ರಾನ್ಸ್‌ಮಿಟರ್‌ಗೆ ಬೈಂಡ್ ಮಾಡಿದರೆ (ಜೋಡಿಸಿದರೆ) ಒಂದರ ಟೆಲಿಮೆಟ್ರಿ (ವಿಮಾನದಿಂದ ಟ್ರಾನ್ಸ್‌ಮಿಟರ್‌ಗೆ ಬರುವ ಮಾಹಿತಿ) ಆಫ್ ಮಾಡಿ. ಎರಡೂ ಒಟ್ಟಿಗೆ ಮಾತಾಡಿದರೆ ಡಿಕ್ಕಿ.

ಬಾಲ್ಸಾಧೂಳು: ಸರಿ. ಎರಡು ಬ್ಯಾಟರಿ, ಎರಡು ಸ್ವಿಚ್ ಹಾಕಿದೆ. ರೆಕ್ಕೆ ಭಾಗ ಮಾಡಿದ್ದು ಹಾಗೇ ಇದೆ. ಜೊತೆಗೆ ಬಲದ ರಿಸೀವರ್‌ನಿಂದ ಎಡದ್ದಕ್ಕೆ ಎಸ್‌ಬಸ್ ಕೇಬಲ್ ಎಳೆದೆ. ಈಗ ನೆಲದ ಮೇಲೆ ಪರೀಕ್ಷೆ ಮಾಡಿದೆ. ಎಡ ಬ್ಯಾಟರಿ ಕಿತ್ತರೆ ಎಡ ರಿಸೀವರಿನ ದೀಪ ಆರಲೇ ಇಲ್ಲ! ಇದು ಒಳ್ಳೇದಾ?

ಸರ್ವೋಸಂಕಟ: ಅಲ್ಲ. ಆ ಕೇಬಲ್ಲಿನ ಕೆಂಪು ವೈರ್ ಎರಡು ಬ್ಯಾಟರಿಗಳನ್ನೂ ಸೇರಿಸಿಬಿಟ್ಟಿದೆ. ಒಂದು ಕಡೆ ಸರ್ವೋ ಶಾರ್ಟ್ ಆದರೆ ಎರಡೂ ಕಡೆ ಕುಸಿಯುತ್ತದೆ. ಕೆಂಪು ಪಿನ್ ಹೊರಗೆ ಎಳೆದು ಟೇಪ್ ಸುತ್ತಿ. ಸಿಗ್ನಲ್, ಗ್ರೌಂಡ್ ಸಾಕು.

ಬಾಲ್ಸಾಧೂಳು: ಎಳೆದೆ. ಈಗ ಎಡ ದೀಪ ಆರುತ್ತಿದೆ. ಬಲಗಡೆ ಏಲಿರಾನ್ ಸ್ಟಿಕ್ ಆಡಿಸಿದಂತೆ ಅಲ್ಲಾಡುತ್ತಿದೆ.