ಮಗಳ ದವಡೆ ಟಕ್ ಅನ್ನುತ್ತದೆ, ಕ್ಲಿಪ್ ಕಾರಣವಾ?

ಕೇಳಿದವರು, ಹಾಸನ:
ಮಗಳಿಗೆ 14 ವರ್ಷ, ಒಂಬತ್ತನೇ ಕ್ಲಾಸು. ಹಲ್ಲಿಗೆ ಕ್ಲಿಪ್ ಹಾಕಿಸಿ ಆರು ತಿಂಗಳಾಯಿತು. ಈಗ ಆಕಳಿಸಿದರೆ ಎಡಗಿವಿ ಹತ್ತಿರ ಟಕ್ ಅನ್ನುತ್ತದೆ. ನೋವಿಲ್ಲವಂತೆ. ನಮ್ಮತ್ತೆ ಮಾತ್ರ, 'ತಂತಿ ಎಳೆದೂ ಎಳೆದೂ ಕೀಲೇ ಸಡಿಲ ಮಾಡಿದ್ದಾರೆ, ಬಿಚ್ಚಿಸು' ಅಂತ ಹಟ ಹಿಡಿದಿದ್ದಾರೆ. ಮಕ್ಕಳಿಗೆ ಹೀಗಾಗಿದ್ದರೆ ಹೇಳಿ.

ಸಕಲೇಶಪುರದಿಂದ:
ನಮ್ಮ ಮಗನಿಗೂ ಇದೇ ಆಗಿತ್ತು ಮೇಡಂ. ನಾನಂತೂ ಡಾಕ್ಟರ ಹತ್ತಿರ ಜಗಳಕ್ಕೇ ಹೋಗಿದ್ದೆ. ಅವರು ಸುಮ್ನೆ ಹಳೇ ಫೈಲ್ ತೆಗೆದರು. ಕ್ಲಿಪ್ ಹಾಕುವ ಮುಂಚಿನ ಹಾಳೆಯಲ್ಲೇ 'ಬಲಗಡೆ ಶಬ್ದ' ಅಂತ ಬರೆದಿತ್ತು! ಸದ್ದು ಮೊದಲೇ ಇತ್ತು, ನಮ್ಮ ಕಿವಿಗೆ ಬಿದ್ದದ್ದು ಆಮೇಲೆ. ಕಿವಿಯ ಮುಂದೆ ಎರಡೂ ಕಡೆ ಬೆರಳಿಟ್ಟು ಬಾಯಿ ತೆರೆಸಿ ಮುಚ್ಚಿಸಿದರು. ಕೀಲು ಇರೋದು ಅಲ್ಲೇ. ಮೂಳೆಗಳ ನಡುವೆ ಮೆತ್ತನೆ ಬಿಲ್ಲೆಯಂಥದ್ದು ಇದೆಯಂತೆ. ಅದು ಸ್ವಲ್ಪ ಮುಂದೆ ಜಾರಿದ್ದರೆ, ಬಾಯಿ ತೆರೆದಾಗ ಮತ್ತೆ ಜಾಗಕ್ಕೆ ಕೂರುವ ಸದ್ದೇ ಟಕ್. ಅವನದೇ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ನಿಲ್ಲಿಸಿ ಬಾಯಿಗೆ ಇಟ್ಟುಕೋ ಅಂದರು. ಸಲೀಸಾಗಿ ಹಿಡಿಸಿತು. ನೋವಿಲ್ಲ, ಬಾಯಿ ಪೂರ್ತಿ ತೆರೆಯುತ್ತದೆ ಅಂದರೆ ಬರೀ ಸದ್ದಿಗೆ ಚಿಕಿತ್ಸೆ ಬೇಡವಂತೆ. ಈಗ ಕ್ಲಿಪ್ ತೆಗೆದಾಯಿತು, ಸದ್ದು ಹಾಗೇ ಇದೆ. ಕೋಡುಬಳೆಯೂ ಹಾಗೇ ಖಾಲಿಯಾಗುತ್ತಿದೆ.

ಚಿಕ್ಕಮಗಳೂರಿನಿಂದ:
ಕ್ಲಿಪ್‌ಗೆ ಸಿಕ್ಕಿಸಿಕೊಳ್ಳುವ ಪುಟ್ಟ ರಬ್ಬರ್ ಬ್ಯಾಂಡ್ ಕೊಟ್ಟಿದ್ದಾರಾ? ನಮ್ಮ ಹುಡುಗ ಬೇಗ ಮುಗಿಯಲಿ ಅಂತ ಒಂದರ ಬದಲು ಎರಡೆರಡು ಸಿಕ್ಕಿಸಿಕೊಂಡು ದವಡೆ ನೋವು ತಂದುಕೊಂಡಿದ್ದ.

ಹಾಸನ, ಡಿಗ್ರಿ ಓದುತ್ತಿರುವವಳು:
ನನಗೆ ನೋವೇ ಇತ್ತು ಆಂಟಿ. ಎಸೆಸೆಲ್ಸಿ ಪರೀಕ್ಷೆ ಹೊತ್ತಲ್ಲಿ ಬೆಳಗ್ಗೆ ಎದ್ದರೆ ಕೆನ್ನೆ ಬಿಗಿ, ತಲೆನೋವು. ರಾತ್ರಿ ಹಲ್ಲು ಕಡಿಯುತ್ತಿದ್ದೆನಂತೆ. ಅಜ್ಜಿ ಜಂತುಹುಳದ ಮಾತ್ರೆ ಬೇರೆ ನುಂಗಿಸಿದ್ದರು! ಡಾಕ್ಟರು ಬಿಸಿ ಬಟ್ಟೆಯ ಶಾಖ, ಮೆತ್ತನೆ ಊಟ ಅಂದರು. ನಮ್ಮ ಕಡೆ ಅದಕ್ಕೇನು ಬರ, ಮುದ್ದೆ ಅಗಿಯೋ ಹಾಗೇ ಇಲ್ವಲ್ಲ. ಓದುವಾಗ ಮೇಲಿನ ಹಲ್ಲಿಗೆ ಕೆಳಗಿನದು ತಾಗಿಸಬೇಡ ಅಂದದ್ದು ಜಾಸ್ತಿ ಕೆಲಸ ಮಾಡಿತು. ನೋಟ್ಸಿನ ಅಂಚಿನಲ್ಲಿ 'ಹಲ್ಲು ಬಿಡು' ಅಂತ ಬರೆದುಕೊಂಡಿದ್ದೆ.

ಅರಸೀಕೆರೆ, ಹಲ್ಲಿನ ಡಾಕ್ಟರ್:
ಕ್ಲಿಪ್‌ನಿಂದ ಕೀಲಿನ ತೊಂದರೆ ಬರುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ಇದ್ದದ್ದು ವಾಸಿಯಾಗುತ್ತದೆ ಅನ್ನುವುದಕ್ಕೂ ಇಲ್ಲ. ಸದ್ದು ನಿಲ್ಲಿಸಲು ಕ್ಲಿಪ್ ಹಾಕಿಸಿ ಅಂದರೂ ನಂಬಬೇಡಿ. ಆದರೆ ಬಾಯಿ ಅರ್ಧಕ್ಕೇ ಸಿಕ್ಕಿಕೊಂಡರೆ, ಎರಡು ಬೆರಳೂ ಹಿಡಿಸದಿದ್ದರೆ, ತೆರೆಯುವಾಗ ಗದ್ದ ಒಂದು ಕಡೆ ವಾಲಿದರೆ ಮುಂದಿನ ತಿಂಗಳ ತಂತಿ ಬಿಗಿ ಮಾಡಿಸುವ ದಿನದ ತನಕ ಕಾಯಬೇಡಿ. ಇಡೀ ದವಡೆ ಒಂದೇ ಚಿತ್ರದಲ್ಲಿ ಬರುವ ಮಾಮೂಲಿ ಓಪಿಜಿ ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಬಿಲ್ಲೆ ಕಾಣುವುದಿಲ್ಲ. ಅದಕ್ಕೆ ಎಂಆರ್‌ಐ, ಅದೂ ಎಲ್ಲರಿಗೂ ಬೇಕಿಲ್ಲ. ಇನ್ನೊಬ್ಬರಿಗೆ ತೋರಿಸುವುದಾದರೆ ನಿಮ್ಮೂರಲ್ಲೇ ಹಾಸನಾಂಬ ಡೆಂಟಲ್ ಕಾಲೇಜ್ ಇದೆ.

ಕೇಳಿದವರು:
ಮೂರು ಬೆರಳು ಹಿಡಿಸಿತು. ಸ್ಕೂಲ್ ಬ್ಯಾಗಿನಲ್ಲಿ ಚೂಯಿಂಗ್ ಗಮ್ ಕಾಗದವೂ ಸಿಕ್ಕಿತು, ದವಡೆಗೆ ಆ ಕೆಲಸ ಬೇರೆ! ಮೊದಲ ದಿನದ ಹಾಳೆ ಕ್ಲಿನಿಕ್‌ನಲ್ಲಿದೆ. ಬುಧವಾರ ಹೋಗುತ್ತೇವೆ, ಅತ್ತೆಯನ್ನೂ ಕರೆದುಕೊಂಡು.