ಜಿಮ್‌ನಲ್ಲಿ ಒಂದೇ ಬೆಳಿಗ್ಗೆ ನಾಲ್ಕು ಸ್ಪರ್ಧೆ: ಕ್ರಮ, ಅಂಕ, ತಯಾರಿ ಹೇಗೆ? (ಕಾರವಾರ)

ಕೋಡಿಬಾಗ_ಕಬ್ಬಿಣ:
ನಮಸ್ಕಾರ. ಕಾರವಾರದ ಜಿಮ್ ಒಂದರಲ್ಲಿ ಜನವರಿಯ ಒಂದು ಭಾನುವಾರ ಫಿಟ್‌ನೆಸ್ ಸ್ಪರ್ಧೆ ಇಟ್ಟುಕೊಂಡಿದ್ದೇವೆ. 24 ಗಂಡಸರು, 8 ಹೆಂಗಸರು. ಹೆಚ್ಚಿನವರಿಗೆ ಇದು ಮೊದಲ ಸ್ಪರ್ಧೆ.

ಜಾಗ: ನೆಲಮಹಡಿಯ ಹಾಲ್, ಎದುರಿಗೆ ಪಾರ್ಕಿಂಗ್ ಅಂಗಳ.
ಸಾಮಾನು: ಒಲಿಂಪಿಕ್ ರಾಡ್ 2, ಸಾದಾ ಏಳಡಿ ರಾಡ್ 5, ಕಬ್ಬಿಣದ ಪ್ಲೇಟ್ ಬೇಕಾದಷ್ಟು, ರೋಯಿಂಗ್ ಮಷಿನ್ ಒಂದೇ ಒಂದು.

ಅಂದುಕೊಂಡಿದ್ದು: ಟಾಗೋರ್ ಬೀಚಿನಲ್ಲಿ 3 ಕಿಮೀ ಓಟ, ಡೆಡ್‌ಲಿಫ್ಟ್ (ನೆಲದ ಮೇಲಿನ ರಾಡ್ ಹಿಡಿದು ನೆಟ್ಟಗೆ ನಿಲ್ಲುವುದು), 500 ಮೀಟರ್ ರೋಯಿಂಗ್, ಕೊನೆಗೆ ಥ್ರಸ್ಟರ್ (ರಾಡ್ ಹೆಗಲ ಬಳಿ ಹಿಡಿದು ಕುಕ್ಕರಗಾಲಿಂದ ಎದ್ದು ತಲೆಯ ಮೇಲೆ ಎತ್ತುವುದು) ಮತ್ತು ಪುಲ್‌ಅಪ್ 21-15-9, ಅಂದರೆ ಎರಡನ್ನೂ ಮೊದಲು 21 ಸಲ, ಆಮೇಲೆ 15, ಆಮೇಲೆ 9.

ಮಧ್ಯಾಹ್ನ 12ರೊಳಗೆ ಮುಗಿಯುತ್ತದಾ? ಅಂಕ ಹೇಗೆ ಕೊಡೋದು? ಬ್ಯಾನರಿನಲ್ಲಿ ‘ಕ್ರಾಸ್‌ಫಿಟ್’ ಅಂತ ಹಾಕಬಹುದಾ?

ಸದಾಶಿವಗಡ_ಸ್ಟಾಪ್‌ವಾಚ್:
ಮೊದಲು ರೋಯಿಂಗ್ ಕೈಬಿಡಿ. ಒಂದೇ ಮಷಿನ್ ಇದ್ದರೆ ಒಬ್ಬರಿಗೆ ಹತ್ತಿ, ಪಟ್ಟಿ ಬಿಗಿದು, ಎಳೆದು, ಇಳಿಯಲು 4 ನಿಮಿಷ ಹಿಡಿಯಿರಿ. 32 ಜನಕ್ಕೆ 128 ನಿಮಿಷ. ಡೆಡ್‌ಲಿಫ್ಟ್ ಜೊತೆಯಲ್ಲೇ ಪಕ್ಕದಲ್ಲಿ ನಡೆಸಿದರೆ ಆಯ್ತಲ್ಲ ಅನ್ನಿಸಬಹುದು, ಆದರೆ ಅಲ್ಲೇ ತಕರಾರು ಹುಟ್ಟುವುದು. ಒಬ್ಬ ಭಾರ ಎತ್ತಿ ಹತ್ತೇ ನಿಮಿಷಕ್ಕೆ ರೋಯಿಂಗ್‌ಗೆ ಕೂರುತ್ತಾನೆ, ಇನ್ನೊಬ್ಬನಿಗೆ ಒಂದು ಗಂಟೆ ವಿಶ್ರಾಂತಿ ಸಿಕ್ಕಿರುತ್ತದೆ. ಯಾವ ಸ್ಪರ್ಧೆ ಇಟ್ಟರೂ ಎಲ್ಲರಿಗೂ ಹೆಚ್ಚುಕಮ್ಮಿ ಅಷ್ಟೇ ವಿಶ್ರಾಂತಿ ಸಿಗಬೇಕು. ಅದಕ್ಕೆ ಒಂದು ಸ್ಪರ್ಧೆ ಮುಗಿಸಿದ ಸರದಿಯಲ್ಲೇ ಆದಷ್ಟು ಮುಂದಿನದಕ್ಕೆ ಕರೆಯಬೇಕು.

ಮೂರೇ ಸ್ಪರ್ಧೆ ಸಾಕು. ಲೆಕ್ಕ ಹೀಗೆ:

7.15ಕ್ಕೆ ಓಟ, ಎಲ್ಲರೂ ಒಟ್ಟಿಗೆ. ಜನವರಿಯಲ್ಲಿ ನಮ್ಮಲ್ಲಿ ಬೆಳಕು ಸರಿಯಾಗುವುದೇ ಏಳರ ಹೊತ್ತಿಗೆ, ಆರೂವರೆ ಅಂತ ಹಾಕಬೇಡಿ. 7.45ಕ್ಕೆ ಕೊನೆಯವರೂ ಬಂದಿರುತ್ತಾರೆ.

8.30ಕ್ಕೆ ಡೆಡ್‌ಲಿಫ್ಟ್, ಒಲಿಂಪಿಕ್ ರಾಡ್ ಎರಡಿರುವುದರಿಂದ ಎರಡು ಕಡೆ. ಒಂದೊಂದು ಕಡೆ 16 ಜನ, ತಲಾ 3 ಸಲ, ಕರೆದ ಮೇಲೆ 1 ನಿಮಿಷ. ಲೆಕ್ಕಕ್ಕೆ 48 ನಿಮಿಷ. ಪ್ಲೇಟ್ ಬದಲಿಸುವ ಹೊತ್ತು ಸೇರಿದರೆ ಒಂದೂಕಾಲು ಗಂಟೆ. ರಾಡಿನ ಭಾರ ಏರುತ್ತಲೇ ಹೋಗಬೇಕು, ಇಳಿಸಬಾರದು. ಯಾರಿಗೆ ಕಡಿಮೆ ಬೇಕೋ ಅವರು ಮೊದಲು ಬರುತ್ತಾರೆ. ಮುಂದಿನ ಭಾರ ಎಷ್ಟೆಂದು ಇಳಿದ ಕೂಡಲೇ ಬರೆಸಬೇಕು. ಪ್ಲೇಟ್ ಹಾಕಲು ಒಂದೊಂದು ಕಡೆ ಇಬ್ಬರು ಗಟ್ಟಿಗರು ಬೇಕು, ಅದೂ ಸ್ಪರ್ಧಿಗಳಲ್ಲದವರು.

10.10ಕ್ಕೆ ಕೊನೆಯದು. 4 ಲೇನ್, 8 ಹೀಟ್ (ಒಂದು ಸಲಕ್ಕೆ ನಾಲ್ಕು ಜನರ ಸುತ್ತು). ಗರಿಷ್ಠ ಸಮಯ 8 ನಿಮಿಷ, ಒರೆಸಿ ಸಜ್ಜು ಮಾಡಲು 4 ನಿಮಿಷ. 12 × 8 = 96 ನಿಮಿಷ, ಅಂದರೆ 11.46. ಹೆಂಗಸರ 2 ಹೀಟ್ ಒಟ್ಟಿಗೆ ಇಡಿ, ಪ್ಲೇಟ್ ಒಂದೇ ಸಲ ಬದಲಿಸಿದರೆ ಮುಗಿಯಿತು.

‘ಕ್ರಾಸ್‌ಫಿಟ್’ ಒಂದು ಅಮೆರಿಕನ್ ಫಿಟ್‌ನೆಸ್ ಕಂಪನಿಯ ನೋಂದಾಯಿತ ಹೆಸರು. ಅವರ ಅಧಿಕೃತ ಮಾನ್ಯತೆ ಇಲ್ಲದೆ ಬ್ಯಾನರಿಗೆ ಹಾಕಬೇಡಿ. ‘ಹೈರಾಕ್ಸ್’ ಅನ್ನುವ ಫಿಟ್‌ನೆಸ್ ರೇಸಿನ ಹೆಸರೂ ಹಾಗೇ. ‘ಫಂಕ್ಷನಲ್ ಫಿಟ್‌ನೆಸ್ ಸ್ಪರ್ಧೆ’ ಅಂದರೆ ಯಾರದ್ದೂ ತಕರಾರಿಲ್ಲ.

ಘಟ್ಟದ_ಮೇಲಿಂದ (ಶಿರಸಿ):
ಮಾರಾಯ್ರೆ, ಎಲ್ಲಕ್ಕಿಂತ ಮೊದಲು ರಾಡ್ ತೂಗಿ! ಅಡಿಕೆ ಮೂಟೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಯಾರ ಹತ್ತಿರವಾದರೂ ಸಿಕ್ಕೇ ಸಿಗ್ತದೆ, ಅರ್ಧ ದಿನಕ್ಕೆ ತನ್ನಿ. 20 ಕೆಜಿ ತೂಗುವುದು 50 ಮಿಮೀ ಸ್ಲೀವ್ (ಪ್ಲೇಟ್ ಕೂರುವ ತುದಿ) ಇರುವ ಗಂಡಸರ ಒಲಿಂಪಿಕ್ ರಾಡ್ ಮಾತ್ರ, ಹೆಂಗಸರದ್ದು 15. ಸಾದಾ ಏಳಡಿ ರಾಡ್ 28 ಮಿಮೀ ದಪ್ಪದ ಗಟ್ಟಿ ಕಬ್ಬಿಣವಾದರೆ ಸುಮಾರು 10 ಕೆಜಿ, 25 ಮಿಮೀ ಆದರೆ 8ರ ಆಸುಪಾಸು. ಒಂದು ಲೇನ್‌ಗೆ ಇದು, ಇನ್ನೊಂದಕ್ಕೆ ಅದು ಬಂದರೆ ಆರಂಭದಲ್ಲೇ 2 ಕೆಜಿ ವ್ಯತ್ಯಾಸ. ಎರಕದ ಪ್ಲೇಟುಗಳನ್ನೂ ತೂಗಿ, ನಿಜವಾದ ತೂಕವನ್ನು ಅದರ ಮೇಲೇ ಬಣ್ಣದಲ್ಲಿ ಬರೆಯಿರಿ. ನಾಲ್ಕು ಲೇನ್‌ಗೆ ಸಮ ತೂಕದ ಜೋಡಿ ಆರಿಸಿ, ಲೇನ್ ನಂಬರ್ ಬರೆದ ಮೇಲೆ ಅದಲುಬದಲು ಮಾಡಬೇಡಿ. ಐದನೇ ರಾಡ್ ಸ್ಪೇರ್.

ಡೆಡ್‌ಲಿಫ್ಟ್‌ನಲ್ಲಿ ಇನ್ನೊಂದು ಸಂಗತಿಯನ್ನು ಹೆಚ್ಚಿನವರು ನೋಡುವುದೇ ಇಲ್ಲ. ದೊಡ್ಡ ಪ್ಲೇಟಿನ ವ್ಯಾಸ 450 ಮಿಮೀ, ಹಾಗಾಗಿ ರಾಡಿನ ನಡುಮಧ್ಯ ನೆಲದಿಂದ 22.5 ಸೆಂಮೀ ಎತ್ತರದಲ್ಲಿರುತ್ತದೆ. ಕಬ್ಬಿಣದ 10 ಕೆಜಿ ಪ್ಲೇಟ್ ಅದಕ್ಕಿಂತ ತುಂಬ ಚಿಕ್ಕದು. ಅದನ್ನು ಹಾಕಿದರೆ ರಾಡ್ ಕೆಳಗಿಳಿಯುತ್ತದೆ, ಕಡಿಮೆ ಭಾರ ಎತ್ತುವವರೇ ಹೆಚ್ಚು ಬಗ್ಗಬೇಕಾಗುತ್ತದೆ, ಬೆನ್ನು ಗುಂಡಾಗುತ್ತದೆ. ಪ್ಲೇಟಿನ ಅಡಿಗೆ ರಬ್ಬರ್ ಮ್ಯಾಟ್ ಅಥವಾ ಹಲಗೆ ಪೇರಿಸಿ, ಪ್ರತಿ ಭಾರಕ್ಕೂ ಟೇಪ್ ಹಿಡಿದು 22.5 ಸೆಂಮೀ ಮಾಡಿಕೊಳ್ಳಿ. ಸಾದಾ ರಾಡಿನಲ್ಲಿ ಡೆಡ್‌ಲಿಫ್ಟ್ ಬೇಡವೇ ಬೇಡ. ಭಾರ ಏರಿದರೆ ಬಗ್ಗಿದ್ದು ವಾಪಸ್ ನೆಟ್ಟಗಾಗುವುದಿಲ್ಲ.

ಟೈಲ್ಸ್ ನೆಲವಾದರೆ 18 ಮಿಮೀ ಪ್ಲೈವುಡ್, ಮೇಲೆ ರಬ್ಬರ್ ಮ್ಯಾಟ್. ಎತ್ತಿದ್ದನ್ನು ಬಿಟ್ಟು ಬಿಡುವಂತಿಲ್ಲ, ಕೈ ಹಿಡಿದೇ ಇಳಿಸಬೇಕು ಅಂತ ನಿಯಮ ಮಾಡಿ. ಎರಕದ ಪ್ಲೇಟ್ ಬಿದ್ದರೆ ಒಡೆಯುತ್ತದೆ.

ಕ್ರಮದಲ್ಲಿ ಮಾತ್ರ ಸ್ಟಾಪ್‌ವಾಚ್ ಅವರ ಮಾತು ನನಗೆ ಒಪ್ಪಿಗೆಯಿಲ್ಲ. ಗರಿಷ್ಠ ಭಾರ ಎತ್ತುವುದನ್ನು ಕಾಲು ದಣಿಯುವ ಮೊದಲೇ ಮುಗಿಸಬೇಕು. ಮರಳಿನಲ್ಲಿ 3 ಕಿಮೀ ಓಡಿ ಬಂದ ಹೊಸಬರನ್ನು ಡೆಡ್‌ಲಿಫ್ಟ್‌ಗೆ ನಿಲ್ಲಿಸುವುದು ಸರಿಯಲ್ಲ.

ಸದಾಶಿವಗಡ_ಸ್ಟಾಪ್‌ವಾಚ್:
ಶಿರಸಿಯ ಹವೆಗೆ ಅದು ಸರಿ. ಇಲ್ಲಿ ಡೆಡ್‌ಲಿಫ್ಟ್ ಮೊದಲು ಇಟ್ಟರೆ ಓಟ ಒಂಬತ್ತೂವರೆಗೆ ಹೋಗುತ್ತದೆ. ಅಷ್ಟು ಹೊತ್ತಿಗೆ ಬಿಸಿಲೂ ಇರುತ್ತದೆ, ಸೆಕೆಯೂ ಇರುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಇಳಿಯುತ್ತದೆಯೇ ಹೊರತು ಆರುವುದಿಲ್ಲ. ಮೈ ತಂಪಾಗುವುದು ಬೆವರು ಆರಿದರೆ ಮಾತ್ರ. ಬೇಕಿದ್ದರೆ ಓಟವನ್ನು 2 ಕಿಮೀಗೆ ಇಳಿಸಿ. ನಡುವಿನ 45 ನಿಮಿಷವನ್ನಂತೂ ಕಡಿಮೆ ಮಾಡಬೇಡಿ.

ಓಟಕ್ಕೆ ಆ ಭಾನುವಾರದ ಉಬ್ಬರ ಇಳಿತದ ಪಟ್ಟಿ ನೋಡಿಯೇ ತಾರೀಕು ಗೊತ್ತುಮಾಡಿ. ಇಳಿತದಲ್ಲಿ ಒದ್ದೆ ಮರಳು ಗಟ್ಟಿಯಾಗಿರುತ್ತದೆ. ಉಬ್ಬರದಲ್ಲಿ ಸಡಿಲ ಮರಳೇ ಗತಿ, ಪಾದ ಹೂತು ಹಿಮ್ಮಡಿಯ ನರ ಹಿಡಿಯುತ್ತದೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹಾಗಾಗಿ ಒಂದು ವಾರ ಆಚೀಚೆಯಾದರೆ ಇಳಿತ ಇದ್ದಲ್ಲಿ ಉಬ್ಬರ ಬಂದಿರುತ್ತದೆ. ಹೋಗಿ ಬರುವ ದಾರಿಯೇ ಇರಲಿ, ದಡದ ಇಳಿಜಾರು ಎರಡೂ ಕಾಲಿಗೆ ಸಮ ಬೀಳುತ್ತದೆ. ತಿರುಗುವ ಜಾಗದಲ್ಲಿ ಒಬ್ಬರು ನಿಂತು ಪ್ರತಿಯೊಬ್ಬರ ಕೈಗೆ ರಬ್ಬರ್ ಬ್ಯಾಂಡ್ ಕೊಡಲಿ. ಬ್ಯಾಂಡ್ ಇಲ್ಲದೆ ಬಂದವರಿಗೆ ಸಮಯವಿಲ್ಲ. ಗುರಿಯಲ್ಲಿ ಗಡಿಯಾರ ಕಾಣುವಂತೆ ಮೊಬೈಲ್ ವಿಡಿಯೋ ಓಡುತ್ತಿರಲಿ, ಹತ್ತು ಜನ ಒಟ್ಟಿಗೆ ಬಂದರೂ ಆಮೇಲೆ ನೋಡಿ ಬರೆದುಕೊಳ್ಳಬಹುದು. ನಗರಸಭೆಗೂ ಪೊಲೀಸರಿಗೂ ಮೊದಲೇ ಅರ್ಜಿ ಕೊಡಿ.

ಬಿಣಗಾ_ಬರ್ಪೀ:
ಅಂಕದ ಬಗ್ಗೆ ಯಾರೂ ಹೇಳಲಿಲ್ಲ.

ಮೊದಲ ಸ್ಥಾನಕ್ಕೆ 1, ಎರಡಕ್ಕೆ 2, ಹೀಗೆ. ಮೂರು ಸ್ಪರ್ಧೆಯ ಮೊತ್ತ ಯಾರದ್ದು ಕಡಿಮೆಯೋ ಅವರು ಗೆದ್ದರು. ಇಬ್ಬರು 3ನೇ ಸ್ಥಾನದಲ್ಲಿ ಸಮವಾದರೆ ಇಬ್ಬರಿಗೂ 3, ಮುಂದಿನವರಿಗೆ 5. ಒಟ್ಟು ಮೊತ್ತ ಸಮವಾದರೆ ಹೆಚ್ಚು ಮೊದಲ ಸ್ಥಾನ ಪಡೆದವರು ಮೇಲೆ. ಅದೂ ಸಮವಾದರೆ ಕೊನೆಯ ಸ್ಪರ್ಧೆ ನೋಡಿ. ಗಂಡಸರು, ಹೆಂಗಸರಿಗೆ ಬೇರೆ ಬೇರೆ ಪಟ್ಟಿ. 8 ನಿಮಿಷದಲ್ಲಿ ಮುಗಿಸದವರಿಗೆ ಉಳಿದ ಒಂದೊಂದು ರೆಪ್‌ಗೆ (ಒಂದು ಸಲ ಮಾಡಿದ್ದು ಒಂದು ರೆಪ್) 1 ಸೆಕೆಂಡ್ ಸೇರಿಸಿ. 12 ಉಳಿದರೆ 8:12.

ಡೆಡ್‌ಲಿಫ್ಟ್ ದೇಹತೂಕದ ಲೆಕ್ಕದಲ್ಲಾ, ಬರೀ ಕೆಜಿಯಲ್ಲಾ ಅಂತ ಖಂಡಿತ ಕೇಳುತ್ತಾರೆ. ಬರೀ ಕೆಜಿ ಇಡಿ. ಓಟದಲ್ಲೂ, ನಾನು ಕೆಳಗೆ ಹೇಳುವ ಬರ್ಪೀಯಲ್ಲೂ (ನೆಲಕ್ಕೆ ಮಲಗಿ, ಎದ್ದು ಹಾರುವುದು) ಹಗುರ ಮೈಯವರಿಗೆ ಲಾಭ ಇದ್ದೇ ಇದೆ, ದಪ್ಪಗಿರುವವರಿಗೆ ಒಂದಾದರೂ ಬೇಡವಾ?

ಪುಲ್‌ಅಪ್ ಕಿತ್ತುಹಾಕಿ. 21-15-9 ಅಂದರೆ 45 ಪುಲ್‌ಅಪ್. ಅರ್ಧ ಜನ ಹತ್ತಕ್ಕೇ ನೇತಾಡುತ್ತಾರೆ, ಆಮೇಲೆ ಹಾರಿ ಹಿಡಿದು ನಿಧಾನ ಇಳಿಯುವ ಆಟ ಶುರು. ರೂಢಿಯಿಲ್ಲದ ಸ್ನಾಯುವಿಗೆ ಭಾರ ತಡೆಯುತ್ತ ಇಳಿಯುವುದೇ ಎಲ್ಲಕ್ಕಿಂತ ಹೆಚ್ಚು ಪೆಟ್ಟು. ಅತಿಯಾದರೆ ಸ್ನಾಯು ಒಡೆದು ಅದರ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ತೊಂದರೆ ಕೊಡುತ್ತದೆ. ಒಂದೆರಡು ದಿನದಲ್ಲಿ ತೋಳು ಊದಿ, ಮೂತ್ರ ಕರಿ ಚಹಾದ ಬಣ್ಣಕ್ಕೆ ತಿರುಗಿದರೆ ನೇರ ಆಸ್ಪತ್ರೆಗೆ. ಇದನ್ನು ನಿಯಮದ ಹಾಳೆಯಲ್ಲೇ ಮುದ್ರಿಸಿ.

ಬದಲಿಗೆ 15-12-9 ಥ್ರಸ್ಟರ್ ಮತ್ತು ರಾಡ್ ದಾಟುವ ಬರ್ಪೀ. ರಾಡ್ 10 ಕೆಜಿ ತೂಗಿದರೆ ಗಂಡಸರಿಗೆ ಎರಡೂ ಕಡೆ 10 ಹಾಕಿ 30, ಹೆಂಗಸರಿಗೆ 5 ಹಾಕಿ 20. ಥ್ರಸ್ಟರ್‌ನಲ್ಲಿ ಸೊಂಟದ ಮಡಿಕೆ ಮಂಡಿಗಿಂತ ಕೆಳಗೆ ಹೋಗಬೇಕು, ಮೇಲೆ ಮೊಣಕೈ, ಸೊಂಟ, ಮಂಡಿ ಮೂರೂ ನೆಟ್ಟಗಾಗಬೇಕು. ಬರ್ಪೀಯಲ್ಲಿ ಎದೆ ನೆಲ ಮುಟ್ಟಿ, ಎರಡೂ ಕಾಲು ಒಟ್ಟಿಗೆ ಹಾರಬೇಕು. ಲೇನ್‌ಗೆ ಒಬ್ಬ ತೀರ್ಪುಗಾರ, ಎಣಿಕೆ ಜೋರಾಗಿ, ತಪ್ಪಿದ ಕೂಡಲೇ ‘ನೋ ರೆಪ್’ ಮತ್ತು ಕಾರಣ. ಮುಗಿದ ಮೇಲೆ ಹಾಳೆಗೆ ಸ್ಪರ್ಧಿಯ ಸಹಿ ಹಾಕಿಸಿ, ಆಮೇಲೆ ವಾದವಿಲ್ಲ.

ಸಾದಾ ರಾಡಿನಲ್ಲಿ ಸ್ಪ್ರಿಂಗ್ ಕ್ಲಿಪ್ ಸಡಿಲಾಗುತ್ತದೆ, ಸ್ಕ್ರೂ ಇರುವ ಕಾಲರ್ ಹಾಕಿ ಪ್ರತಿ ಹೀಟ್ ಮೊದಲು ಬಿಗಿ ಮಾಡಿ. ಬೆವರಿನ ನೆಲ ಒರೆಸಲು ಲೇನ್‌ಗೊಂದು ಬಟ್ಟೆ.

ಕೋಡಿಬಾಗ_ಕಬ್ಬಿಣ:
ಎಲ್ಲರಿಗೂ ಧನ್ಯವಾದ. ರೋಯಿಂಗ್, ಪುಲ್‌ಅಪ್ ಎರಡನ್ನೂ ಬಿಟ್ಟೆವು. ಓಟ 2 ಕಿಮೀ. ಯಾರಾದರೂ ತಲೆಸುತ್ತಿ ಬಿದ್ದರೆ ಏನೇನು ಸಿದ್ಧ ಇರಬೇಕು?

ಕದ್ರಾ_ರಸ್ತೆ:
ಬೈತಖೋಲ ಬಂದರಿನ ಕಡೆ ಮೀನಿಗೆ ಹಾಕುವ ಐಸ್ ಸಿಗುತ್ತದೆ. ಒಡೆಸಿ ಎರಡು ಥರ್ಮಾಕೋಲ್ ಪೆಟ್ಟಿಗೆ ತುಂಬಿಸಿಡಿ. ಕುಡಿಯುವ ನೀರಿಗೆ ಮಾತ್ರ ಆ ಐಸ್ ಬೇಡ.

ಬರೀ ತಲೆಸುತ್ತಾದರೆ ನೆರಳಲ್ಲಿ ಮಲಗಿಸಿ ಕಾಲು ಎತ್ತಿಡಿ. ಆದರೆ ಮಾತು ತೊದಲಿದರೆ, ಎಲ್ಲಿದ್ದೇನೆ ಅಂತ ಗೊತ್ತಾಗದಿದ್ದರೆ, ಮೈ ಸುಡುತ್ತಿದ್ದರೆ ಅದು ಶಾಖಾಘಾತ. ಬೆವರುತ್ತಿದ್ದಾರಲ್ಲ, ಹಾಗಾಗಿ ಅದಲ್ಲ ಅಂತ ಬಿಡಬೇಡಿ, ವ್ಯಾಯಾಮದಲ್ಲಿ ಬರುವ ಶಾಖಾಘಾತದಲ್ಲಿ ಬೆವರು ಇರಬಹುದು. ಕೂಡಲೇ 108ಕ್ಕೆ ಫೋನ್, ಆಂಬುಲೆನ್ಸ್ ಬರುವವರೆಗೆ ತಂಪು ಮಾಡುವ ಕೆಲಸ ನಿಮ್ಮದು. ದೊಡ್ಡ ಟಬ್ ಇಲ್ಲದಿದ್ದರೆ ತಾಡಪತ್ರೆಯ ಮೇಲೆ ಮಲಗಿಸಿ, ನಾಲ್ಕು ಜನ ಅಂಚು ಎತ್ತಿ ಹಿಡಿದು, ಕುತ್ತಿಗೆಯವರೆಗೆ ಐಸ್ ನೀರು ಹೊಯ್ದು ಕಲಕುತ್ತಿರಿ. ತಲೆ ನೀರಿಗೆ ಜಾರದಂತೆ ಒಬ್ಬರು ಹಿಡಿದಿರಬೇಕು. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ಏನೂ ಹಾಕಬೇಡಿ.

ಉಳಿದವರಿಗೆ ಒಆರ್‌ಎಸ್, ದೊಡ್ಡ ಪ್ಯಾಕೆಟ್ ಒಂದಕ್ಕೆ ಪೂರ್ತಿ 1 ಲೀಟರ್ ನೀರು. ಅರ್ಧ ಲೀಟರಿಗೆ ಕಲಸಿದರೆ ಹೊಟ್ಟೆ ಕೆಡುತ್ತದೆ. ಉಪ್ಪು ಹಾಕಿದ ಮುರುಗಲು ಪಾನಕವೂ ಆಗುತ್ತದೆ, ಆದರೆ ಡೆಡ್‌ಲಿಫ್ಟ್ ಜಾಗದಿಂದ ದೂರ ಇಡಿ. ರಬ್ಬರ್ ಮ್ಯಾಟ್ ಮೇಲೆ ಚೆಲ್ಲಿದರೆ ಅಂಟು ಹೋಗಿಸುವುದರಲ್ಲಿ ಸಾಕಾಗ್ತದೆ.