ಮುಟ್ಟು ಮೂರ್ನಾಲ್ಕು ತಿಂಗಳಿಗೊಮ್ಮೆ, ಮಗು ಸದ್ಯಕ್ಕೆ ಬೇಡ. ಪಿಸಿಓಡಿಗೆ (ಅಂಡಾಶಯ, ಹಾರ್ಮೋನ್ ಏರುಪೇರಿನ ತೊಂದರೆ) ಚಿಕಿತ್ಸೆ ಬೇಕಾ?

ಹೊಂಗೆನೆರಳು:
ವಯಸ್ಸು 29, ಎತ್ತರ 158 ಸೆಂ.ಮೀ., ತೂಕ 61 ಕೆ.ಜಿ., ಸೊಂಟದ ಸುತ್ತಳತೆ 86 ಸೆಂ.ಮೀ. ಮುಟ್ಟು ವರ್ಷಕ್ಕೆ ನಾಲ್ಕು ಸಲ, ಹೋದ ಸಲ ಆಗಿ 110 ದಿನ ಆಯ್ತು. ಗಲ್ಲದ ಮೇಲೆ ಗಡುಸು ಕೂದಲು, ಕತ್ತಿನ ಹಿಂದೆ ಕಪ್ಪು. ಸ್ಕ್ಯಾನಿಂಗ್‌ನಲ್ಲಿ ಎರಡೂ ಅಂಡಾಶಯ ಪಾಲಿಸಿಸ್ಟಿಕ್ ಅಂತ ಬಂದಿದೆ. ಥೈರಾಯ್ಡ್ ನೋಡುವ ಟಿಎಸ್‌ಎಚ್, ಪ್ರೊಲ್ಯಾಕ್ಟಿನ್ ಹಾರ್ಮೋನ್ ಎರಡೂ ನಾರ್ಮಲ್. ಫಾಸ್ಟಿಂಗ್ ಶುಗರ್ 97, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) 5.6, ಹಿಮೋಗ್ಲೋಬಿನ್ 10.2. ಮನೆಯಲ್ಲಿ "ಮಗು ಬೇಕಾದಾಗ ತೋರಿಸಿದ್ರಾಯ್ತು, ಈಗ್ಲೇ ಯಾಕೆ ಮಾತ್ರೆ" ಅಂತಾರೆ. ಹೀಗೇ ಬಿಟ್ಟರೆ ಮುಂದೆ ಏನಾಗುತ್ತೆ? ಶುಗರ್ ನಾರ್ಮಲ್ ಇದೆ ಅಂತ ಸುಮ್ಮನಿರಬಹುದಾ?

ಶರಾವತಿ:
ಬಿಡಬೇಡಿ. ಮಗುವಿಗೂ ಇದಕ್ಕೂ ಗಂಟು ಹಾಕುವುದೇ ಮೊದಲ ತಪ್ಪು. ಮಗು ಬೇಡದಿದ್ದರೂ ಗರ್ಭಕೋಶದ ಒಳಪದರ ತನ್ನ ಪಾಡಿಗೆ ಬೆಳೆಯುತ್ತಲೇ ಇರುತ್ತೆ.

ಅಂಡಾಣು ಬಿಡುಗಡೆಯಾದ ಮೇಲಷ್ಟೇ ಪ್ರೊಜೆಸ್ಟರಾನ್ ಹಾರ್ಮೋನ್ ಸರಿಯಾಗಿ ತಯಾರಾಗೋದು. ಅದು ಏರಿ ಇಳಿದಾಗ ಪದರ ಕಳಚಿ ಮುಟ್ಟಾಗುತ್ತೆ. ನಿಮ್ಮಲ್ಲಿ ಅಂಡಾಣು ಹೊರಬರುವುದೇ ಅಪರೂಪ, ಹಾಗಾಗಿ ಈಸ್ಟ್ರೋಜನ್ ಒಂದೇ ಪದರವನ್ನು ಬೆಳೆಸುತ್ತಾ ಹೋಗುತ್ತೆ. ದಪ್ಪ ಮಿತಿಮೀರಿದಾಗ ಅಲ್ಲಲ್ಲಿ ಹರಿದು 15–20 ದಿನ ಜಿನುಗುವುದುಂಟು. ವರ್ಷಗಟ್ಟಲೆ ಹೀಗೇ ನಡೆದರೆ ಹೈಪರ್‌ಪ್ಲೇಸಿಯಾ (ಒಳಪದರದ ಅತಿಬೆಳವಣಿಗೆ), ಮುಂದೆ ಕೆಲವರಲ್ಲಿ ಒಳಪದರದ ಕ್ಯಾನ್ಸರ್. ಚಿಕ್ಕ ವಯಸ್ಸಿನಲ್ಲಿ ಈ ಕ್ಯಾನ್ಸರ್ ಅಪರೂಪ, ಹೆದರಿ ನಿದ್ದೆ ಕೆಡಿಸಿಕೊಳ್ಳಬೇಡಿ. ಆದರೆ ಪಿಸಿಓಡಿ ಇಲ್ಲದವರಿಗಿಂತ ಅಪಾಯ ಹಲವು ಪಟ್ಟು ಹೆಚ್ಚು, ತಡೆಯುವ ದಾರಿಯೂ ಸುಲಭ. 90 ದಿನ ದಾಟಲು ಬಿಡಬಾರದು.

110 ದಿನ ಆಗಿರುವುದರಿಂದ ಮೊದಲು ಮೂತ್ರದ ಗರ್ಭಪರೀಕ್ಷೆ, ಆಮೇಲೆ ಒಳಪದರದ ದಪ್ಪ ನೋಡಲು ಸ್ಕ್ಯಾನ್. ಸಾಮಾನ್ಯವಾಗಿ ಪ್ರೊಜೆಸ್ಟರಾನ್‌ನಂತೆ ಕೆಲಸ ಮಾಡುವ ಮೆಡ್ರಾಕ್ಸಿಪ್ರೊಜೆಸ್ಟರಾನ್ ಮಾತ್ರೆ 10 ಮಿ.ಗ್ರಾಂ ದಿನಕ್ಕೊಂದರಂತೆ 10–14 ದಿನ ಬರೆಯುತ್ತಾರೆ. ನಿಲ್ಲಿಸಿದ ಒಂದು ವಾರದ ಆಸುಪಾಸಿನಲ್ಲಿ ಮುಟ್ಟಾಗುತ್ತೆ. ಎಡವೋದು ಇಲ್ಲೇ: ಮೂರನೇ ದಿನ ಒಂದು ಹನಿ ಕಂಡ ತಕ್ಷಣ ಮಾತ್ರೆ ನಿಲ್ಲಿಸಿಬಿಡ್ತಾರೆ. ಐದು ದಿನದ ಕೋರ್ಸಿಗೂ ರಕ್ತ ಬರಬಹುದು, ಆದರೆ ಪದರ ಪೂರ್ತಿ ಮಾಗಿ ಕಳಚಲು ಅಷ್ಟು ಸಾಲದು. ಈ ಮಾತ್ರೆ ಗರ್ಭನಿರೋಧಕವಲ್ಲ ಅನ್ನೋದೂ ನೆನಪಿರಲಿ. ಕೋರ್ಸ್ ಮುಗಿದು ಎರಡು ವಾರವಾದರೂ ಮುಟ್ಟಾಗದಿದ್ದರೆ ಅದನ್ನೇ ಮತ್ತೆ ನುಂಗದೆ ವೈದ್ಯರ ಹತ್ತಿರ ವಾಪಸ್ ಹೋಗಿ. ಬೆಳಗಿನ 17-ಒಎಚ್ ಪ್ರೊಜೆಸ್ಟರಾನ್ ಪರೀಕ್ಷೆ ಆಗಿಲ್ಲದಿದ್ದರೆ ಕೇಳಿ. ಅಡ್ರಿನಲ್ ಗ್ರಂಥಿಯ ಒಂದು ತೊಂದರೆ ಥೇಟ್ ಹೀಗೇ ಕಾಣುತ್ತೆ.

ಲ್ಯಾಬ್‌ಮೇಜು:
ನಿಮ್ಮ ಶುಗರ್ "ನಾರ್ಮಲ್" ಅನ್ನೋಕೆ ಈ ಎರಡು ಅಂಕಿ ಸಾಲದು. ಪಿಸಿಓಡಿಯಲ್ಲಿ ಬರಿಹೊಟ್ಟೆ ಸಕ್ಕರೆ ಚೆನ್ನಾಗಿದ್ದೂ ಗ್ಲೂಕೋಸ್ ಕುಡಿದ ಎರಡು ಗಂಟೆಗೆ ಏರಿರೋದು ಮಾಮೂಲು. ಎಚ್‌ಬಿಎ1ಸಿ ಅಂತೂ ಹಿಮೋಗ್ಲೋಬಿನ್ 10.2 ಇರುವಾಗ ನೆಚ್ಚಿಕೊಳ್ಳುವಂಥದ್ದಲ್ಲ. ಕಬ್ಬಿಣದ ಕೊರತೆ ಇದ್ದರೆ ಇದ್ದದ್ದಕ್ಕಿಂತ ಜಾಸ್ತಿ ತೋರಿಸಬಹುದು, ಐರನ್ ಮಾತ್ರೆ ಶುರುವಾದ ಮೇಲೆ ಇಳಿಯಬಹುದು.

75 ಗ್ರಾಂ ಓಜಿಟಿಟಿ (ಗ್ಲೂಕೋಸ್ ಕುಡಿಸಿ ಮಾಡುವ ಸಕ್ಕರೆ ಪರೀಕ್ಷೆ) ಮಾಡಿಸಿ. ತೂಕ ಎಷ್ಟೇ ಇರಲಿ, ರೋಗ ಗೊತ್ತಾದಾಗ ಒಮ್ಮೆ, ಆಮೇಲೆ 1–3 ವರ್ಷಕ್ಕೊಮ್ಮೆ ಸಕ್ಕರೆ ಪರೀಕ್ಷೆ ಅಂತ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತೆ. ಹಿಂದಿನ ಮೂರು ದಿನ ಮಾಮೂಲಿ ಊಟ ಮಾಡಿ. "ನಾಳೆ ಟೆಸ್ಟು" ಅಂತ ಅನ್ನ ಬಿಟ್ಟರೆ ಫಲಿತಾಂಶ ಸುಳ್ಳಾಗಿ ಏರುತ್ತೆ. ರಾತ್ರಿ 8–10 ಗಂಟೆ ಉಪವಾಸ, ನೀರು ಕುಡಿಯಬಹುದು. ಮೊದಲ ರಕ್ತ ಕೊಟ್ಟ ಮೇಲೆ ಗ್ಲೂಕೋಸನ್ನು 250–300 ಮಿ.ಲೀ. ನೀರಿನಲ್ಲಿ ಕದಡಿ 5 ನಿಮಿಷದೊಳಗೆ ಕುಡಿಯಬೇಕು. ಪುಡಿ ಮಾನೋಹೈಡ್ರೇಟ್ (ನೀರಿನಂಶ ಸೇರಿರುವ ಗ್ಲೂಕೋಸ್) ಆಗಿದ್ದರೆ 82.5 ಗ್ರಾಂ ಬೇಕು, 75 ತೂಗಿದರೆ ಕಮ್ಮಿಯಾಗುತ್ತೆ. ನಿಂಬೆರಸ ಎರಡು ಹನಿ ಹಿಂಡಿದರೆ ವಾಕರಿಕೆ ಕಮ್ಮಿ. ವಾಂತಿಯಾದರೆ ಅವತ್ತಿನದು ಲೆಕ್ಕಕ್ಕಿಲ್ಲ. ಎರಡು ಗಂಟೆ ಕೂತೇ ಇರಿ, ತಿರುಗಾಡಿದರೆ ಅಂಕಿ ಇಳಿಯುತ್ತೆ. ಇಡ್ಲಿ ತಿಂದು ಮಾಡಿಸುವ ಪೋಸ್ಟ್ ಪ್ರಾಂಡಿಯಲ್ ಇದಕ್ಕೆ ಬದಲಿಯಲ್ಲ.

ಎರಡು ಗಂಟೆಯದು 140ರೊಳಗೆ ಇದ್ದರೆ ಸರಿ, 140–199 ಮಧುಮೇಹದ ಹೊಸ್ತಿಲು, 200 ಮತ್ತು ಮೇಲೆ ಮಧುಮೇಹ. ಇನ್ಸುಲಿನ್ ಮಟ್ಟ ಅಳೆಯಲು ದುಡ್ಡು ಹಾಕಬೇಡಿ, ಚಿಕಿತ್ಸೆ ಅದರ ಮೇಲೆ ನಿಂತಿಲ್ಲ. ಆ ದುಡ್ಡಿನಲ್ಲಿ ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಪರೀಕ್ಷೆ) ಮಾಡಿಸಿ, ಬಿಪಿ ವರ್ಷಕ್ಕೊಮ್ಮೆ ನೋಡಿಸಿ. ನಮ್ಮ ಹೆಂಗಸರಿಗೆ ಸೊಂಟದ ಗಡಿ 80 ಸೆಂ.ಮೀ. ನಿಮ್ಮದು 86 ಇದೆ, ಜೊತೆಗೆ ಕತ್ತಿನ ಕಪ್ಪು. ಎರಡೂ ಇನ್ಸುಲಿನ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅನ್ನೋದರ ಗುರುತು. ಉಜ್ಜಿದರೆ ಹೋಗುವ ಕೊಳೆಯಲ್ಲ ಅದು.

ಹೊಂಗೆನೆರಳು:
ಇಬ್ಬರಿಗೂ ಧನ್ಯವಾದ. ಹಾಗಾದ್ರೆ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಒಂದೇ ಸಾಕಾ? ಶುಗರಿಗೂ ಆಯ್ತು, ಮುಟ್ಟಿಗೂ ಆಯ್ತು ಅಂತ ಓದಿದ್ದೆ. ಊಟದಲ್ಲಿ ಅನ್ನ ಬಿಟ್ಟು ಬರೀ ರಾಗಿ ಮಾಡ್ಕೊಂಡ್ರೆ?

ಶರಾವತಿ:
ಕೆಲವರಿಗೆ ಮುಟ್ಟು ಹತ್ತಿರ ಬರುತ್ತೆ, ಎಲ್ಲರಿಗೂ ಅಲ್ಲ. ಅದನ್ನೇ ನಂಬಿ ಕೂರದೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮೆಟ್‌ಫಾರ್ಮಿನ್ ಮೇಲೂ 90 ದಿನ ಆದರೆ ಪ್ರೊಜೆಸ್ಟರಾನ್ ಕೋರ್ಸ್ ಬೇಕೇ ಬೇಕು. ಮೆಟ್‌ಫಾರ್ಮಿನ್‌ನಿಂದ ಅಂಡಾಣು ಬಿಡುಗಡೆ ಮತ್ತೆ ಶುರುವಾಗಬಹುದು, ಮಗು ಬೇಡ ಅಂದ್ರೆ ಗರ್ಭನಿರೋಧಕ ಇರಲೇಬೇಕು. 500 ಮಿ.ಗ್ರಾಂ ಊಟದ ಜೊತೆ ಶುರುಮಾಡಿ, 1–2 ವಾರಕ್ಕೆ 500ರಂತೆ ನಿಧಾನಕ್ಕೆ ಏರಿಸಿದರೆ ಹೊಟ್ಟೆ ತಡೆಯುತ್ತೆ. ಮೊದಲ ದಿನವೇ 1000 ನುಂಗಿ ಭೇದಿ ಹತ್ತಿ ಬಿಟ್ಟುಬಿಡುವವರೇ ಜಾಸ್ತಿ. ವರ್ಷಾನುಗಟ್ಟಲೆ ತಗೊಂಡರೆ ವಿಟಮಿನ್ ಬಿ12 ನೋಡಿಸಬೇಕು, ಸಸ್ಯಾಹಾರಿಗಳಂತೂ ಮರೆಯಲೇಬಾರದು.

ಗಲ್ಲದ ಕೂದಲು, ಮುಟ್ಟು, ಗರ್ಭನಿರೋಧ ಮೂರಕ್ಕೂ ಒಟ್ಟಿಗೆ ಬೇಕೆಂದರೆ ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಉತ್ತಮ. ಕಣ್ಣ ಮುಂದೆ ಮಿಂಚು ಕಂಡು ಬರುವ ಮೈಗ್ರೇನ್, ಹೆಚ್ಚಿನ ಬಿಪಿ, ಕಾಲಿನ ರಕ್ತನಾಳದಲ್ಲಿ ಹಿಂದೆ ಹೆಪ್ಪುಗಟ್ಟಿದ್ದು, ಇವಿದ್ದರೆ ಅದು ಬೇಡ. ಅಂಥವರಿಗೆ ಹಾರ್ಮೋನ್ ಇರುವ ಐಯುಡಿ (ಗರ್ಭಕೋಶದೊಳಗೆ ಇಡುವ ಗರ್ಭನಿರೋಧಕ ಸಾಧನ) ಒಳಪದರವನ್ನು ಕಾಯುತ್ತೆ. ಕೂದಲಿಗೆ ಆರು ತಿಂಗಳಾದರೂ ಕಾಯಬೇಕು. ಎರಡೇ ತಿಂಗಳಿಗೆ "ಕೆಲಸ ಮಾಡ್ಲಿಲ್ಲ" ಅಂತ ಬಿಡಬೇಡಿ. ಆರು ತಿಂಗಳಾದರೂ ಸಾಲದಿದ್ದರೆ ಗಂಡು ಹಾರ್ಮೋನನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ಸೇರಿಸ್ತಾರೆ. ಗರ್ಭನಿರೋಧಕ ಇಲ್ಲದೆ ಅದನ್ನು ತಗೋಬಾರದು, ಗಂಡುಭ್ರೂಣದ ಬೆಳವಣಿಗೆ ಕೆಡಬಹುದು.

ಅವರೆಕಾಳು:
ರಾಗಿಯಲ್ಲೂ ಹೆಚ್ಚಿನ ಪಾಲು ಪಿಷ್ಟವೇ. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ, ಮಾಲ್ಟ್ ಸಕ್ಕರೆಯನ್ನು ಬೇಗ ಏರಿಸುತ್ತೆ. ದೊಡ್ಡ ಮುದ್ದೆ ಎರಡು ಉಂಡು ಅನ್ನ ಬಿಟ್ಟೆ ಅಂದ್ರೆ ಏನೂ ಉಳಿತಾಯವಿಲ್ಲ. ಅನ್ನವೋ ಮುದ್ದೆಯೋ ತಟ್ಟೆಯ ಕಾಲು ಭಾಗ ಇರಲಿ, ಇನ್ನೊಂದು ಕಾಲು ಹುರುಳಿ, ಹೆಸರು, ಅವರೆ, ಮೊಟ್ಟೆ ಅಥವಾ ಮೀನು, ಅರ್ಧ ತಟ್ಟೆ ಪಲ್ಯ, ಸೊಪ್ಪು. ಬೇಳೆಯ ತಿಳಿಸಾರು ಕಾಳಿನ ಲೆಕ್ಕಕ್ಕೆ ಬರಲ್ಲ, ಗಟ್ಟಿ ತಳಕ್ಕೆ ಸೌಟು ಹಾಕಿ. ಊಟವಾದ ಒಂದು ಗಂಟೆ ಕಾಫಿ, ಟೀ ಬೇಡ, ನಿಮ್ಮ ಹಿಮೋಗ್ಲೋಬಿನ್‌ಗೆ ಇದು ಮುಖ್ಯ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ, ಎರಡು ದಿನ ಸ್ನಾಯುಗಳಿಗೆ ಭಾರದ ಕಸರತ್ತು. ತೂಕದಲ್ಲಿ 3–6 ಕೆ.ಜಿ. ಇಳಿದರೆ ಮುಟ್ಟಿನಲ್ಲೂ ವ್ಯತ್ಯಾಸ ಕಾಣಬಹುದು, ಆದರೆ ತಕ್ಕಡಿ ಅಲುಗಾಡದಿದ್ದರೂ ನಡಿಗೆಯಿಂದ ಇನ್ಸುಲಿನ್‌ಗೆ ಲಾಭ ಇದ್ದೇ ಇದೆ.

ಲ್ಯಾಬ್‌ಮೇಜು:
ಇನ್ನೊಂದು ಮಾತು. ಮುಂದೆ ಗರ್ಭ ನಿಂತರೆ ಓಜಿಟಿಟಿ 20 ವಾರದೊಳಗೇ ಒಮ್ಮೆ ಆಗಲಿ, 24–28 ವಾರದಲ್ಲಿ ಮತ್ತೊಮ್ಮೆ. 40ರ ಹತ್ತಿರ ಮುಟ್ಟು ತಾನಾಗಿ ಸರಿಹೋಗುವುದು ಸಾಮಾನ್ಯ, "ವಾಸಿಯಾಯ್ತು" ಅಂತ ಆಗಲೇ ಸಕ್ಕರೆ ಪರೀಕ್ಷೆ ನಿಲ್ಲಿಸ್ತಾರೆ. ಮಧುಮೇಹದ ಅಪಾಯ ಆಗಲೂ ಇರುತ್ತೆ. ಮುಟ್ಟು ಪೂರ್ತಿ ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಅದೇ ವಾರ ಸ್ಕ್ಯಾನ್ ಮಾಡಿಸಬೇಕು.